ವೆರ್ನಾ ಟರ್ಬೊ, ವರ್ಟಸ್ ಜಿಟಿ: ಘಟ್ಟ ಹತ್ತಿ ಇಳಿಯುವವರಿಗೆ ಯಾವುದು?

ಅಡಿಕೆ ಕೊಯ್ಲು ಮುಗಿದ ವಾರ ಮಾವನ ಮಗ ಫೋನ್ ಮಾಡಿದ. “ಭಾವಾ, ವೆರ್ನಾ ಟರ್ಬೊ ನೂರಕ್ಕೆ ಎಂಟು ಸೆಕೆಂಡಡ. ವರ್ಟಸ್ ಜಿಟಿ ಒಂಬತ್ತಡ. ಯಾವ್ದು ತಗಂಡ್ರೆ ಚೊಲೋ?” ಅವನ ಮನೆ ಶಿರಸಿಯಿಂದ ಸ್ವಲ್ಪ ಒಳಗೆ. ವಾರಕ್ಕೆರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಾನೆ, ತಿಂಗಳಿಗೊಮ್ಮೆ ಹುಬ್ಬಳ್ಳಿಗೆ. ಅದಾದ ಮೇಲೆ ಕಾರವಾರದ ಗೆಳೆಯನೊಬ್ಬ, ಹೊನ್ನಾವರದ ಇನ್ನೊಬ್ಬ ಕೇಳಿದ್ದೂ ಇದನ್ನೇ. ಮೂವರಿಗೂ ಒಂದೇ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಹಾಗಾಗಿ ಲೆಕ್ಕವನ್ನೆಲ್ಲ ಇಲ್ಲಿ ಬಿಡಿಸಿಟ್ಟಿದ್ದೇನೆ.

ನಿಜವಾದ ಸ್ಪೋರ್ಟ್ಸ್ ಕಾರು ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟುಕುವುದಲ್ಲ. 20 ಲಕ್ಷದೊಳಗೆ, ಮನೆಮಂದಿಯನ್ನೂ ಕೂರಿಸಿಕೊಂಡು ಹೋಗಬಹುದಾದ, ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟುವಂಥ ಕಾರು ಬೇಕೆಂದರೆ ಈ ಎರಡು ಹೆಸರು ತಾನಾಗಿಯೇ ಎದುರಿಗೆ ಬರುತ್ತವೆ. ಫೋಕ್ಸ್‌ವ್ಯಾಗನ್ ಕಂಪನಿಯ ವರ್ಟಸ್ 2022ರಲ್ಲಿ ಬಂತು, ಹ್ಯುಂಡೈ ಕಂಪನಿಯ ಈಗಿನ ತಲೆಮಾರಿನ ವೆರ್ನಾ 2023ರ ಮಾರ್ಚ್‌ನಲ್ಲಿ. ನಾನು ಬರೆದಿರುವುದು ಆ ಮಾದರಿಗಳ ಲೆಕ್ಕ. ಸೌಲಭ್ಯಗಳ ಪಟ್ಟಿ ವರ್ಷಕ್ಕೊಂದು ಸಲ ಬದಲಾಗುತ್ತದೆ, ಆದ್ದರಿಂದ ಹಣ ಕಟ್ಟುವ ಮುಂಚೆ ಶೋರೂಮಿನ ಇವತ್ತಿನ ಪಟ್ಟಿಯನ್ನು ಕೈಯಲ್ಲಿಟ್ಟುಕೊಳ್ಳಿ.

ಮೊದಲು ಅಳತೆಗೋಲು

ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ ಏರಲು ಎಷ್ಟು ಸೆಕೆಂಡು ಎಂಬ ಅಂಕಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರು ಆರಿಸುವವನು ಐದು ಪ್ರಶ್ನೆ ಕೇಳಿಕೊಳ್ಳಬೇಕು. ಲಾರಿಯ ಹಿಂದೆ 30ರಲ್ಲಿ ಹೋಗುತ್ತಿದ್ದಾಗ 60, 80ಕ್ಕೆ ಎಷ್ಟು ಬೇಗ ಏರುತ್ತದೆ? ಘಟ್ಟ ಇಳಿಯುವಾಗ ಬ್ರೇಕು ಎಷ್ಟು ಹೊತ್ತು ತಾಳುತ್ತದೆ? ಜುಲೈ ಮಳೆಯಲ್ಲಿ ಆ ಶಕ್ತಿ ರಸ್ತೆಗೆ ಇಳಿಯುತ್ತದೋ, ಚಕ್ರ ಸುಮ್ಮನೆ ತಿರುಗುತ್ತದೋ? ಮನೆಯ ದಾರಿಯಲ್ಲಿ ಹೊಟ್ಟೆ ತಾಗದೆ ಒಳಗೆ ಬರುತ್ತದೋ? ಕೊನೆಯದು, ಹಿಂದಿನ ಸೀಟಿನವರು ಕುಮಟಾ ಮುಟ್ಟುವಾಗ ನೆಟ್ಟಗಿರುತ್ತಾರೋ? ದುಡ್ಡಿನ ಮಾತು ಇವೆಲ್ಲದರ ಜೊತೆಗೆ ಇದ್ದೇ ಇದೆ.

ಎಂಜಿನ್: ಹತ್ತರ ಅಂತರ ಎಲ್ಲಿ ಕಾಣುತ್ತದೆ

ಕಾಗದದ ಮೇಲೆ ವೆರ್ನಾ ಮುಂದೆ. ಅದರ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 160 ಪಿಎಸ್ (ಅಶ್ವಶಕ್ತಿ) ಶಕ್ತಿ, 253 ಎನ್ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ವರ್ಟಸ್ ಜಿಟಿಯ 1.5 ಲೀಟರ್ ಟಿಎಸ್ಐ ಟರ್ಬೊ ಎಂಜಿನ್ 150 ಪಿಎಸ್, 250 ಎನ್ಎಂ. ವೆರ್ನಾಕ್ಕೆ ಸೊನ್ನೆಯಿಂದ ನೂರಕ್ಕೆ 8.1 ಸೆಕೆಂಡು ಸಾಕು ಎಂದು ಕಂಪನಿ ಹೇಳಿತ್ತು. ವರ್ಟಸ್‌ನದು ಒಂಬತ್ತರ ಆಸುಪಾಸು.

ಈ ಅಂಕಿಗಳಲ್ಲಿ ಸುಳ್ಳಿಲ್ಲ. ಆದರೆ ಅವು ಬರುವುದು ಒಣಗಿದ, ಸಪಾಟಾದ ರಸ್ತೆಯಲ್ಲಿ, ಎಂಜಿನ್ನನ್ನು ಕೆಂಪು ಗೆರೆಯ ಹತ್ತಿರದವರೆಗೂ ಎಳೆದಾಗ. ನಾವು ಘಟ್ಟದಲ್ಲಿ ಹಾಗೆ ಓಡಿಸುವುದಿಲ್ಲ. ಎರಡನೇ, ಮೂರನೇ ಗೇರಿನಲ್ಲಿ 2000ದಿಂದ 3500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ನಡುವೆಯೇ ನಮ್ಮ ಓಡಾಟ. ಎರಡೂ ಎಂಜಿನ್ನುಗಳ ಪೂರ್ತಿ ಟಾರ್ಕ್ ಸಿಗುವುದೂ ಇದೇ ಜಾಗದಲ್ಲಿ: ವೆರ್ನಾದ್ದು 1500ರಿಂದ 3500, ವರ್ಟಸ್‌ದು 1600ರಿಂದ 3500. ಶಕ್ತಿ ಎಂದರೆ ಟಾರ್ಕ್ ಮತ್ತು ಎಂಜಿನ್ ವೇಗದ ಗುಣಲಬ್ಧ ತಾನೆ? 3500 ಆರ್‌ಪಿಎಂಗೆ ಲೆಕ್ಕ ಹಾಕಿದರೆ ವರ್ಟಸ್‌ಗೆ ಸುಮಾರು 125 ಪಿಎಸ್ ಬರುತ್ತದೆ, ವೆರ್ನಾಕ್ಕೆ 126. ಕರಪತ್ರದ ಹತ್ತು ಪಿಎಸ್ ಅಂತರ ಘಟ್ಟದ ತಿರುವಿನಲ್ಲಿ ಒಂದಕ್ಕೆ ಇಳಿಯಿತು. ಉಳಿದದ್ದು ಕಾಣಿಸಿಕೊಳ್ಳುವುದು 4500ರ ಮೇಲೆ, ಅಂದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಾರಿ ಖಾಲಿ ಇರುವಾಗ.

ಲಾರಿ ದಾಟುವ ಲೆಕ್ಕವನ್ನೂ ಮಾಡಿ ನೋಡಿ. ಅರಬೈಲ್ ಘಟ್ಟದಲ್ಲಿ 30ರ ವೇಗದಲ್ಲಿ ಏರುತ್ತಿರುವ ಲಾರಿಯನ್ನು ಹಿಂದೆ, ಮುಂದೆ ಅಂತರ ಬಿಟ್ಟು ದಾಟಬೇಕಾದರೆ ಅದಕ್ಕಿಂತ ಸುಮಾರು 35 ಮೀಟರು ಹೆಚ್ಚು ಹೋಗಬೇಕು. ಇಂಥ ಕಾರಿಗೆ ಅದು ಹೆಚ್ಚುಕಮ್ಮಿ ಐದು ಸೆಕೆಂಡಿನ ಕೆಲಸ. ಅಷ್ಟರಲ್ಲಿ ನೀವು 80 ಮೀಟರು ಮುಂದೆ ಹೋಗಿರುತ್ತೀರಿ. ಎದುರಿನಿಂದ 40ರ ವೇಗದಲ್ಲಿ ಬರುವ ಗಾಡಿ 60 ಮೀಟರು ಬಂದಿರುತ್ತದೆ. ಒಟ್ಟು 140 ಮೀಟರು ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು, ಅದೂ ಕನಿಷ್ಠ. ಒಂದು ಕಾರು ಇನ್ನೊಂದಕ್ಕಿಂತ ಚುರುಕಾಗಿದ್ದರೆ ಉಳಿಯುವುದು ಸೆಕೆಂಡಿನ ಐದನೇ ಒಂದು ಭಾಗ. 140 ಮೀಟರು ಕಾಣದ ಕಡೆ ಈ ಎರಡು ಕಾರುಗಳಲ್ಲಿ ಯಾವುದೂ ನಿಮ್ಮನ್ನು ಕಾಯುವುದಿಲ್ಲ. ದೇವಿಮನೆಯಲ್ಲಿ ಅಷ್ಟು ನೇರ ದಾರಿ ಎಷ್ಟು ಕಡೆ ಇದೆ ಎನ್ನುವುದನ್ನು ಅಲ್ಲಿ ಓಡಾಡುವವರೇ ಎಣಿಸಿ ಹೇಳಬಲ್ಲರು.

ಹೀಗಿದ್ದೂ ಎರಡರ ಸ್ವಭಾವ ಬೇರೆ. ವೆರ್ನಾ ಹಗುರವಾಗಿ, ತಟಕ್ಕನೆ ಮೇಲೇಳುತ್ತದೆ. ಸ್ಟೀರಿಂಗೂ ಹಗುರ, ಪೇಟೆಯಲ್ಲಿ ತಿರುಗಿಸುವುದು ಸುಖ. ವರ್ಟಸ್ ರಸ್ತೆಯನ್ನು ಗಟ್ಟಿಯಾಗಿ ಹಿಡಿದು ಕೂತ ಹಾಗೆ ಅನಿಸುತ್ತದೆ. ತಿರುವಿನ ಮಧ್ಯೆ ಒಂದು ಗುಂಡಿ ಸಿಕ್ಕರೂ ಗೆರೆ ಬಿಟ್ಟು ಕದಲುವುದಿಲ್ಲ. ಈ ಎರಡನೆಯ ಗುಣ ನನಗೆ ಹೆಚ್ಚು ಬೆಲೆಯದು. ವರ್ಟಸ್‌ನಲ್ಲಿ ಇನ್ನೊಂದು ಜಾಣತನವೂ ಇದೆ. ಭಾರವಿಲ್ಲದ ಓಟದಲ್ಲಿ ನಾಲ್ಕರಲ್ಲಿ ಎರಡು ಸಿಲಿಂಡರುಗಳು ಸುಮ್ಮನಾಗುತ್ತವೆ. ಅಂಕೋಲಾದಿಂದ ಕಾರವಾರದ ಕಡೆ ಒಂದೇ ವೇಗದಲ್ಲಿ ಹೋಗುವಾಗ ಪೆಟ್ರೋಲ್ ಉಳಿಸುವುದು ಇದೇ.

ಒಂದು ಎಚ್ಚರಿಕೆ ಎರಡಕ್ಕೂ ಸೇರಿ. ಟರ್ಬೊ ಎಂಜಿನ್ 1500 ಆರ್‌ಪಿಎಂ ಕೆಳಗೆ ನಿದ್ದೆ ಹೋಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಮೂರನೇ ಗೇರಿನಲ್ಲೇ ಎಳೆಯಲು ಹೋದರೆ ಕಾರು ಮುಲುಕುತ್ತದೆ. ತಿರುವಿಗೆ ಮುಂಚೆಯೇ ಎರಡಕ್ಕೆ ಇಳಿಸಿಕೊಳ್ಳಿ.

ಮಳೆಗಾಲದ ಹಿಡಿತ

ಜುಲೈಯ ಒಂದು ಬೆಳಿಗ್ಗೆ. ದೇವಿಮನೆಯ ಮೇಲಿನ ತಿರುವುಗಳಲ್ಲಿ ಮಂಜು, ಮುಂದೆ ಬಸ್ಸೊಂದರ ಹಿಂದಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ರಸ್ತೆಯ ಎಡಗಡೆ ಕೊಳೆತ ಎಲೆಯ ಕಪ್ಪು ಪಟ್ಟಿ, ಅದರ ಮೇಲೆ ಗುಡ್ಡದಿಂದ ಇಳಿದ ಕೆಂಪು ನೀರು. ತಿರುವಿನಲ್ಲಿ ಬಸ್ಸು ನಿಂತು ಹೊರಟಿತು, ನಾನೂ ಎರಡನೇ ಗೇರಿನಲ್ಲಿ ಕಾಲು ಕೊಟ್ಟೆ. ಮುಂದಿನ ಒಳಚಕ್ರ ಎಲೆಯ ಮೇಲಿತ್ತು. ಸೊಂಯ್ ಎಂಬ ಸದ್ದು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕಿತು, ಎಂಜಿನ್ ತಾನಾಗಿ ಶಕ್ತಿ ತಗ್ಗಿಸಿತು. ಒಂದು ಕ್ಷಣ ಬಿಟ್ಟು ಕಾರು ಮುಂದೆ ಸರಿಯಿತು.

ಎರಡೂ ಕಾರುಗಳಲ್ಲಿ ನಾನು ಹೀಗೇ ಕಂಡಿದ್ದೇನೆ, ಏಕೆಂದರೆ ಎರಡೂ ಮುಂಚಕ್ರದಿಂದ ಓಡುವಂಥವು. ಏರಿನಲ್ಲಿ, ಅದರಲ್ಲೂ ಜೋರಾಗಿ ಕಾಲು ಕೊಟ್ಟಾಗ, ಭಾರ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಮುಂಚಕ್ರವೇ ಹಗುರಾಗುತ್ತದೆ. 250 ಎನ್ಎಂ ಅಲ್ಲಿ ಹೆಚ್ಚಾಯಿತೇ ಹೊರತು ಕಮ್ಮಿಯಾಗಲಿಲ್ಲ. ಎಲೆಕ್ಟ್ರಾನಿಕ್ ಹಿಡಿತ ಎರಡರಲ್ಲೂ ಇದೆ, ಅದನ್ನು ಎಂದೂ ಆಫ್ ಮಾಡಬೇಡಿ.

ಹಿಡಿತವನ್ನು ತೀರ್ಮಾನಿಸುವುದು ಟಯರು. ಎರಡೂ ಕಾರಿನಲ್ಲಿ ಬರುವುದು 205/55 ಆರ್16 ಅಳತೆಯದೇ. ಕಾನೂನು 1.6 ಮಿ.ಮೀ. ಗೀರು ಉಳಿದರೆ ಸಾಕು ಎನ್ನುತ್ತದೆ. ನಮ್ಮ ಮಳೆಗೆ ಅದು ಸಾಲದು. 3 ಮಿ.ಮೀ.ಗೆ ಬಂದಾಗ, ಮೇ ತಿಂಗಳೊಳಗೆ ಬದಲಿಸಿಬಿಡಿ. ಹತ್ತು ಪಿಎಸ್ ಹೆಚ್ಚಿನ ಎಂಜಿನ್ನಿಗೆ ಕೊಡುವ ದುಡ್ಡಿಗಿಂತ ಇದು ಸಾರ್ಥಕ.

ಇಳಿಜಾರು

ಕಾರು ಹತ್ತುವುದನ್ನು ಎಲ್ಲರೂ ಕೇಳುತ್ತಾರೆ, ಇಳಿಯುವುದನ್ನು ಯಾರೂ ಕೇಳುವುದಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ, ಕುಮಟಾ ಕಡಲ ಮಗ್ಗುಲಲ್ಲೇ. ನೂರು ಮೀಟರು ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯನ್ನೆಲ್ಲ ಬ್ರೇಕಿಗೇ ಹೊರಿಸಿದರೆ, ಅದು 100 ಕಿ.ಮೀ. ವೇಗದಿಂದ ಎರಡೂವರೆ ಸಲ ಪೂರ್ತಿ ನಿಲ್ಲಿಸಿದಷ್ಟಾಗುತ್ತದೆ. ಪೂರ್ತಿ ಇಳಿಜಾರಿಗೆ ಹದಿನೈದು ಸಲ. ಕೆಳಗೆ ಬರುವಷ್ಟರಲ್ಲಿ ಚಕ್ರದಿಂದ ಸುಟ್ಟ ವಾಸನೆ ಬರುವುದು ಇದಕ್ಕೇ.

ಇಲ್ಲಿ ವೆರ್ನಾಕ್ಕೊಂದು ಅನುಕೂಲ. ಟರ್ಬೊದ ಮೇಲಿನ ಡಿಸಿಟಿ (ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್) ಮಾದರಿಗೆ ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಇದೆ. ವರ್ಟಸ್‌ನಲ್ಲಿ ಹಿಂದೆ ಡ್ರಮ್. ಬಿಸಿಯನ್ನು ಹೊರಹಾಕುವುದರಲ್ಲಿ ಡಿಸ್ಕ್ ಖಂಡಿತ ಮೇಲು. ಹಾಗೆಂದು ವರ್ಟಸ್ ನಿಲ್ಲುವುದಿಲ್ಲ ಎಂದಲ್ಲ. ಬ್ರೇಕಿನ ದೊಡ್ಡ ಪಾಲು ಮುಂಚಕ್ರದ್ದೇ. ಕೆಸರಿನ ದಾರಿಯಲ್ಲಿ ಮುಚ್ಚಿದ ಡ್ರಮ್ಮಿಗೆ ಮಣ್ಣು ಹೊಗುವುದೂ ಕಮ್ಮಿ. ಯಾವುದನ್ನೇ ತೆಗೆದುಕೊಳ್ಳಿ, ಎರಡನೇ ಗೇರಿನಲ್ಲಿ ಇಳಿಸಿ. ಆಟೊಮ್ಯಾಟಿಕ್ ಆದರೆ ಮ್ಯಾನುವಲ್ ಮೋಡಿಗೆ ಹಾಕಿ ಗೇರನ್ನು ನೀವೇ ಹಿಡಿದಿಡಿ. ಡಿ ಯಲ್ಲೇ ಬಿಟ್ಟರೆ ಅದು ಮೇಲಿನ ಗೇರಿಗೆ ಹೋಗಿ ಭಾರವನ್ನೆಲ್ಲ ಬ್ರೇಕಿನ ತಲೆಗೆ ಕಟ್ಟುತ್ತದೆ.

ಗೇರ್‌ಬಾಕ್ಸ್: ಕಾರಿಗಿಂತ ಮೊದಲು ಇದನ್ನು ತೀರ್ಮಾನಿಸಿ

ನನ್ನ ಅಭಿಪ್ರಾಯ ಇಷ್ಟೇ: ಯಾವ ಕಾರು ಎನ್ನುವುದಕ್ಕಿಂತ ಯಾವ ಗೇರ್‌ಬಾಕ್ಸ್ ಎನ್ನುವುದು ನಮ್ಮ ದಾರಿಯಲ್ಲಿ ದೊಡ್ಡ ಪ್ರಶ್ನೆ. ಎರಡರಲ್ಲೂ ಆರು ಗೇರಿನ ಮ್ಯಾನುವಲ್ ಇದೆ, ಏಳು ಗೇರಿನ ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್ ಇದೆ. ಹ್ಯುಂಡೈ ಅದನ್ನು ಡಿಸಿಟಿ ಎನ್ನುತ್ತದೆ, ಫೋಕ್ಸ್‌ವ್ಯಾಗನ್ ಡಿಎಸ್‌ಜಿ ಎನ್ನುತ್ತದೆ. ಗೇರು ಬದಲಾಗುವ ವೇಗದಲ್ಲಿ ಮನುಷ್ಯನ ಕೈ ಇವುಗಳಿಗೆ ಸಮನಲ್ಲ. ನೂರಕ್ಕೆ ಎಷ್ಟು ಸೆಕೆಂಡು ಎಂಬ ಸ್ಪರ್ಧೆಯಲ್ಲಿ ಗೆಲ್ಲುವುದೂ ಇವೇ.

ಆದರೆ ಎರಡೂ ಒಣ ಕ್ಲಚ್ಚಿನವು, ತಂಪು ಮಾಡಲು ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಏರಿನಲ್ಲಿ ಲಾರಿ ಸಾಲಿನ ಹಿಂದೆ ನಡಿಗೆಯ ವೇಗದಲ್ಲಿ ತೆವಳುವಾಗ ಕ್ಲಚ್ಚು ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ, ಬಿಸಿಯಾಗುತ್ತದೆ. ಹತ್ತು ನಿಮಿಷ ಹಾಗೇ ನಡೆದರೆ ಎಚ್ಚರಿಕೆಯ ಸಂದೇಶ ಬಂದರೂ ಬಂದೀತು. ಉಪಾಯ ಸುಲಭ: ಮುಂದಿನ ಗಾಡಿ ಹತ್ತು ಹದಿನೈದು ಮೀಟರು ಹೋಗುವವರೆಗೆ ಬ್ರೇಕ್ ಹಿಡಿದು ನಿಂತು, ಆಮೇಲೆ ಒಂದೇ ಸಲ ಹೊರಡಿ. ಏರಿನಲ್ಲಿ ಆಕ್ಸಿಲರೇಟರ್‌ನಿಂದ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸ ಇದ್ದರೆ ಈ ಗೇರ್‌ಬಾಕ್ಸ್ ಬೇಡವೇ ಬೇಡ.

ವಾರಕ್ಕೆರಡು ಸಲ ಘಟ್ಟ ಹತ್ತುವವನಿಗೆ ನಾನು ಹೇಳುವುದು ಮ್ಯಾನುವಲ್. ಕಾರವಾರದಲ್ಲಿದ್ದು ಗೋವಾಕ್ಕೆ, ಮಂಗಳೂರಿಗೆ ಕರಾವಳಿ ಹೆದ್ದಾರಿಯಲ್ಲೇ ಓಡಾಡುವವನಿಗೆ ಡಿಸಿಟಿ ಚೆನ್ನಾಗಿ ಒಗ್ಗುತ್ತದೆ.

ಹೊಟ್ಟೆ ತಾಗುವ ಮಾತು, ಪೆಟ್ಟು ತಾಳುವ ಮಾತು

ಭಾರ ಹಾಕದೆ ವರ್ಟಸ್‌ನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 179 ಮಿ.ಮೀ. ವೆರ್ನಾ ಅದಕ್ಕಿಂತ ತಗ್ಗು, ಪಕ್ಕದಲ್ಲಿ ನಿಲ್ಲಿಸಿದರೆ ಕಣ್ಣಿಗೇ ಗೊತ್ತಾಗುತ್ತದೆ. ಡಾಂಬರಿನಿಂದ ತೋಟದ ಮನೆಗೆ ಇಳಿಯುವ ದಾರಿಯಲ್ಲಿ ಎರಡೂ ಚಕ್ರದ ಗುರುತು ತಗ್ಗಾಗಿ ನಡುವೆ ಚಿರೆಕಲ್ಲಿನ ಏರು ಉಳಿದಿರುತ್ತದಲ್ಲ, ಅಲ್ಲಿ ಐವರು ಕೂತು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದಾಗ ಒಂದೊಂದು ಮಿಲಿಮೀಟರೂ ಬೇಕಾಗುತ್ತದೆ. ಊರೊಳಗಿನ ಹಂಪುಗಳಿಗೂ ಇದೇ ಮಾತು. ಡಿಕ್ಕಿಯಲ್ಲಿ ಮಾತ್ರ ಹೇಳುವಂಥ ಅಂತರ ಇಲ್ಲ, ವರ್ಟಸ್ 521 ಲೀಟರು, ವೆರ್ನಾ 528.

ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2023ರಲ್ಲಿ ಎರಡನ್ನೂ ಗುದ್ದಿಸಿ ನೋಡಿತು. ಎರಡಕ್ಕೂ ಐದು ನಕ್ಷತ್ರ. ಆದರೆ ವರದಿಯನ್ನು ಒಂದು ಸಾಲು ಮುಂದೆ ಓದಬೇಕು: ವರ್ಟಸ್‌ನ ಕವಚ (ಕಾರಿನ ಬಾಡಿಯ ಚೌಕಟ್ಟು) ಸ್ಥಿರ ಎಂದಿದೆ, ವೆರ್ನಾದ್ದು ಸ್ಥಿರವಲ್ಲ ಎಂದಿದೆ. ವೇಗದ ಕಾರು ಕೊಳ್ಳುವವನು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವೆರ್ನಾದ ಕಡೆಯಿಂದ ಹೇಳಬೇಕಾದರೆ, ಮೇಲಿನ ಮಾದರಿಯಲ್ಲಿ ಎದುರಿನ ಗಾಡಿಯನ್ನು ಗುರುತಿಸಿ ತಾನೇ ಬ್ರೇಕ್ ಹಾಕುವ ಎಡಾಸ್ ಇದೆ. ವರ್ಟಸ್‌ನಲ್ಲಿ ಅದಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ಅದು ನಿಜಕ್ಕೂ ಉಪಕಾರಿ. ದಟ್ಟ ಮಂಜು, ಜಡಿಮಳೆಯಲ್ಲಿ ಮಾತ್ರ ಅದರ ಕಣ್ಣೂ ಮಂಜಾಗುತ್ತದೆ, ಅದನ್ನೇ ನಂಬಿ ಘಟ್ಟ ಇಳಿಯುವ ಹಾಗಿಲ್ಲ.

ದುಡ್ಡು, ಸರ್ವಿಸ್

ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡಾ 17, ಅದರ ಮೇಲೆ ಸೆಸ್. 16 ಲಕ್ಷದ ಕಾರೆಂದರೆ ತೆರಿಗೆಯೇ ಸುಮಾರು 3 ಲಕ್ಷ. ಶೋರೂಮ್ ಬೆಲೆ ನೋಡಿ ಸಾಲಕ್ಕೆ ಅರ್ಜಿ ಹಾಕುವವರು ಇಲ್ಲೇ ಎಡವುತ್ತಾರೆ. ಕಾರವಾರದವರಿಗೆ ಗೋವಾ ನೋಂದಣಿಯ ಆಸೆ ಹುಟ್ಟುವುದು ಸಹಜ, ಗಡಿ ಅಷ್ಟು ಹತ್ತಿರ. ಇಲ್ಲಿ ವಾಸವಿದ್ದು 12 ತಿಂಗಳು ಮೀರಿ ಇಲ್ಲೇ ಓಡಿಸಿದರೆ ಮರುನೋಂದಣಿ ಮಾಡಲೇಬೇಕು. ಆ ದಾರಿ ಹಿಡಿಯಬೇಡಿ.

ಸರ್ವಿಸ್ ವಿಷಯದಲ್ಲಿ ಹ್ಯುಂಡೈ ಜಾಲ ದೊಡ್ಡದು. ವರ್ಟಸ್ ಬೇಕೆನ್ನುವವರು ಮನೆಯಿಂದ ಅಧಿಕೃತ ಸರ್ವಿಸ್ ಸೆಂಟರಿಗೆ ಎಷ್ಟು ಕಿಲೋಮೀಟರು ಎಂದು ಮೊದಲೇ ಅಳೆದು ನೋಡಿ. ಒಂದು ಸೆನ್ಸರ್ ಕೆಟ್ಟು ಇಡೀ ದಿನ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ಬರಬೇಕಾದರೆ ಆ ದಿನದ ಬೆಲೆಯೂ ಲೆಕ್ಕಕ್ಕೆ ಬರಬೇಕು. ಕಡಲ ಹತ್ತಿರದ ಮನೆಯವರು ಯಾವ ಕಾರಿಗಾದರೂ ಅಡಿಭಾಗದ ತುಕ್ಕು ಲೇಪ ಮೊದಲ ಮಳೆಗಾಲಕ್ಕೆ ಮುಂಚೆಯೇ ಮಾಡಿಸಿ.

ಇಷ್ಟು ಹಣ ಬೇಡ ಎನ್ನುವವರಿಗೆ ಎರಡು ದಾರಿ. ಹ್ಯುಂಡೈ ಐ20 ಎನ್ ಲೈನ್: 1 ಲೀಟರ್ ಟರ್ಬೊ, 120 ಪಿಎಸ್, 172 ಎನ್ಎಂ. ನಾಲ್ಕು ಮೀಟರಿನೊಳಗಿನ ಕಾರಾದ್ದರಿಂದ 2025ರ ಸೆಪ್ಟೆಂಬರ್‌ನಿಂದ ಅದರ ಮೇಲೆ ಜಿಎಸ್‌ಟಿ ಶೇಕಡಾ 18 ಮಾತ್ರ, ವೆರ್ನಾ ವರ್ಟಸ್‌ಗಳಿಗೆ 40. ಒಬ್ಬನೇ ಓಡಾಡುವ ಹುಡುಗನಿಗೆ ಘಟ್ಟದಲ್ಲಿ ಇದು ಕೊಡುವ ಸಂತೋಷ ಕಮ್ಮಿಯೇನಲ್ಲ. ಎರಡನೆಯದು 1 ಲೀಟರ್ ಎಂಜಿನ್ನಿನ ವರ್ಟಸ್, 115 ಪಿಎಸ್, 178 ಎನ್ಎಂ. ಅದರ ಆಟೊಮ್ಯಾಟಿಕ್ ಟಾರ್ಕ್ ಕನ್ವರ್ಟರ್ ಬಗೆಯದು, ಅಂದರೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವಂಥದು. ಲಾರಿಯ ಹಿಂದೆ ಎಷ್ಟು ಹೊತ್ತು ತೆವಳಿದರೂ ಒಣ ಕ್ಲಚ್ಚಿನ ಹಾಗೆ ಬಿಸಿಯಾಗುವ ಚಿಂತೆ ಇಲ್ಲ. ಘಟ್ಟಕ್ಕೆ ಆಟೊಮ್ಯಾಟಿಕ್ಕೇ ಬೇಕು ಎನ್ನುವವರು ಜಿಟಿ ಬಿಟ್ಟು ಇದನ್ನೇ ನೋಡಿ.

ಬರೀ ವೇಗವೇ ಮುಖ್ಯ ಎಂದರೆ ಮಹೀಂದ್ರದ ವಿದ್ಯುತ್ ಕಾರು ಬಿಇ 6 ಇದೆ. ಅದರ 79 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾದರಿಗೆ 286 ಪಿಎಸ್, ನೂರಕ್ಕೆ 6.7 ಸೆಕೆಂಡು ಎಂದು ಕಂಪನಿಯ ಮಾತು. ಇಳಿಜಾರಿನಲ್ಲಿ ಬ್ರೇಕು ನುಂಗಬೇಕಾದ ಶಕ್ತಿಯ ಒಳ್ಳೆಯ ಪಾಲನ್ನು ಅದು ಬ್ಯಾಟರಿಗೆ ತಿರುಗಿ ತುಂಬಿಕೊಳ್ಳುತ್ತದೆ, ಘಟ್ಟದವರಿಗೆ ಇದಕ್ಕಿಂತ ಒಪ್ಪುವ ಗುಣ ಇನ್ನೊಂದಿಲ್ಲ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಹಳ್ಳಿ ನಿಮ್ಮದಾದರೆ, ಪೆಟ್ರೋಲ್ ಕಾರೊಂದು ಮನೆಯಲ್ಲಿ ಇದ್ದಾಗಷ್ಟೇ ಅದನ್ನು ತನ್ನಿ. ಇನ್ನು 2025ರಲ್ಲಿ 50 ಲಕ್ಷ ದಾಟಿದ ಬೆಲೆಗೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯೂ ಬಂದಿತ್ತು, 265 ಪಿಎಸ್, 5.9 ಸೆಕೆಂಡು. ಅದನ್ನು ನಮ್ಮ ಘಟ್ಟಕ್ಕೆಂದು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಓಡಿಸಿ ನೋಡುವಾಗ

ಶೋರೂಮಿನವರು ಸಪಾಟು ಹೆದ್ದಾರಿಯಲ್ಲಿ ಎರಡು ಕಿಲೋಮೀಟರು ಓಡಿಸಿ ವಾಪಸು ತರುತ್ತಾರೆ. ಅದಕ್ಕೆ ಒಪ್ಪಬೇಡಿ. ಒಂದು ಏರು, ಒಂದು ಹಂಪು ಇರುವ ದಾರಿ ಕೇಳಿ. ಒಬ್ಬರೇ ಹೋಗದೆ ನಾಲ್ಕು ಜನ ಕೂತು ಹೋಗಿ. ಮೂರನೇ ಗೇರಿನಲ್ಲಿ 30ರಿಂದ 80ಕ್ಕೆ ಎರಡು ಸಲ ಎಳೆದು ನೋಡಿ. ಮುಖ್ಯವಾಗಿ, ಘಟ್ಟದಲ್ಲಿ ತಲೆ ತಿರುಗುವವರು ಮನೆಯಲ್ಲಿ ಯಾರಿದ್ದಾರೋ ಅವರನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿ.

ಮಾವನ ಮಗ ಹಾಗೇ ಮಾಡಿದ. ಅತ್ತೆಗೆ ದೇವಿಮನೆಯ ಹೆಸರು ಹೇಳಿದರೇ ಹೊಟ್ಟೆ ತೊಳಸುತ್ತದೆ, ಬಸ್ಸಿನಲ್ಲಿ ಲಿಂಬೆಹಣ್ಣು ಮೂಸುತ್ತಲೇ ಕುಮಟಾ ಮುಟ್ಟುವವಳು. ಎರಡೂ ಕಾರಿನಲ್ಲಿ ಹಿಂದೆ ಕೂತು ಬಂದಳು. ವರ್ಟಸ್‌ನಿಂದ ಇಳಿದವಳು ಕೈಯಲ್ಲಿದ್ದ ಲಿಂಬೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು, “ಇದ್ರಲ್ಲಿ ತಲೆ ತಿರ್ಗ್ತಿಲ್ಲೆ ತಮಾ” ಎಂದಳಂತೆ. ಅವನು ಬುಕ್ ಮಾಡಿದ್ದು ವರ್ಟಸ್ ಜಿಟಿ ಮ್ಯಾನುವಲ್. ಕಾರವಾರದ ಗೆಳೆಯನಿಗೆ ನಾನು ಹೇಳಿದ್ದು ವೆರ್ನಾ ಟರ್ಬೊ ಡಿಸಿಟಿ. ಹೊನ್ನಾವರದವನು ಗೇರುಸೊಪ್ಪೆ ಘಟ್ಟ ಎಷ್ಟು ಸಲ ಹತ್ತುತ್ತೇನೆ ಎಂದು ಇನ್ನೂ ಎಣಿಸುತ್ತಿದ್ದಾನೆ.